ಆರು ಬೆಟ್ಟ, ಒಂದು ಗುಡ್ಡೆ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರು ಇದ್ದರು, ಇಂಜಿನಿಯರು ಇದ್ದರು, ಹೈಸ್ಕೂಲು ಮೇಷ್ಟ್ರಾಗಿ ಇದೇ ಶಾಲೆಗೆ ವಾಪಸು ಬಂದವರೂ ಇದ್ದರು. ನಾನು ಲೈನ್‌ಮನ್. ಕೆ.ಇ.ಬಿ. ಇದ್ದಾಗ ಕೆಲಸಕ್ಕೆ ಸೇರಿ, ಬೆಸ್ಕಾಂ ಆದ ಮೇಲೆ ನಿವೃತ್ತನಾದವನು. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ನಾಲ್ಕೂ ತಾಲ್ಲೂಕುಗಳಲ್ಲಿ ಕಂಬ ಹತ್ತಿದ್ದೇನೆ. ಕಂಬದ ಮೇಲೆ ನಿಂತಾಗಲೆಲ್ಲ ಯಾವುದಾದರೂ ಒಂದು ಬೆಟ್ಟ ಕಣ್ಣಿಗೆ ಬೀಳುತ್ತಿತ್ತು. ಕೆಲಸ ಮುಗಿದ ಮೇಲೆ ಇವನ್ನೆಲ್ಲ ಒಂದೊಂದಾಗಿ ಹತ್ತಬೇಕು ಎಂದು ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ನಿವೃತ್ತಿಯಾದ ವರ್ಷವೇ ಶುಗರ್ ಇದೆ ಎಂದು ಗೊತ್ತಾಯಿತು. ಡಾಕ್ಟರು ದಿನಾ ನಡೆಯಿರಿ ಎಂದರು. ನಡೆಯುವುದೇ ಆದರೆ ಮೇಲಕ್ಕೆ ನಡೆಯೋಣ ಎಂದುಕೊಂಡೆ. ನಮ್ಮ ಮನೆಯವರು, "ಮೂವತ್ತೈದು ವರ್ಷ ಕಂಬ ಹತ್ತಿದ್ದು ಸಾಲದೇನ್ರಿ?" ಎಂದರು. ಆದರೂ ಬುತ್ತಿ ಕಟ್ಟಿಕೊಟ್ಟರು.

ನಾನು ಪಟ್ಟಿ ಮಾಡಿಕೊಂಡದ್ದು ಆರು ಬೆಟ್ಟ: ಸಿದ್ದರಬೆಟ್ಟ, ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡ, ನಿಡಗಲ್ಲು, ಮಧುಗಿರಿ. ಮೂರು ವರ್ಷದಲ್ಲಿ ಎಲ್ಲವನ್ನೂ ಮುಗಿಸಿದೆ. ಜೊತೆಗೆ ಬಂದವನು ಇದೇ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ. ಅವನು ಓದು ಮುಗಿಸಿ ಬೇಸಾಯಕ್ಕೆ ಇಳಿದ. ಹೆಸರು ಹೇಳಬೇಡ ಎಂದಿದ್ದಾನೆ, ಹೇಳುವುದಿಲ್ಲ. ಅಲ್ಲಿ ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾನೆ.

ಇವು ಹಿಮಾಲಯವೇನಲ್ಲ ಎಂದು ಮಕ್ಕಳು ಅಂದುಕೊಳ್ಳಬಹುದು. ನಿಜ. ನಮ್ಮ ರಾಜ್ಯದಲ್ಲೇ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 6,300 ಅಡಿ ದಾಟುತ್ತದೆ. ಮಧುಗಿರಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,930 ಅಡಿ. ಅದರಲ್ಲೂ ಊರೇ 2,500 ಅಡಿಗೂ ಮೇಲೆ ಇರುವುದರಿಂದ, ನಾವು ಕಾಲಿನಿಂದ ಹತ್ತುವುದು ಸುಮಾರು 1,300 ಅಡಿ ಮಾತ್ರ. ಆದರೆ ಅದು ಇಡೀ ಒಂದೇ ಕಲ್ಲು. ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಎಂದು ಅದನ್ನು ನೋಡಲು ಬೆಂಗಳೂರಿನಿಂದ ಬೆಳಗಿನ ಜಾವವೇ ಬಸ್ಸು, ಬೈಕು ಹತ್ತಿ ಬರುತ್ತಾರೆ. ಅದರ ನೆರಳಲ್ಲೇ ಹುಟ್ಟಿ ಬೆಳೆದು, ದಂಡಿನ ಮಾರಮ್ಮನ ಜಾತ್ರೆಗೆ ವರ್ಷ ವರ್ಷ ಹೋಗಿ ಬರುವ ನಮ್ಮಲ್ಲಿ ಎಷ್ಟು ಜನ ತುದಿಯವರೆಗೆ ಹತ್ತಿದ್ದೀರಿ? ಕೈ ಎತ್ತಿ ನೋಡೋಣ. ಸಂತೋಷ, ಹತ್ತು ಹನ್ನೆರಡು ಕೈ ಇವೆ. ಇಷ್ಟು ದೊಡ್ಡ ಸಭೆಯಲ್ಲಿ ಅಷ್ಟೇ.

ಈಗ ನನ್ನ ಕಸುಬಿನ ಒಂದು ಮಾತು. ನಾನು ಕೆಲಸಕ್ಕೆ ಸೇರಿದಾಗ ತೋಟಗಳಲ್ಲಿ ತೆರೆದ ಬಾವಿಗಳಿದ್ದವು. ಬಾವಿಯ ಗೋಡೆಗೆ ಮೋಟರು ಕೂರಿಸಿರುತ್ತಿದ್ದರು, ಇಣುಕಿದರೆ ನೀರಿನಲ್ಲಿ ನಮ್ಮ ಮುಖ ಕಾಣುತ್ತಿತ್ತು. ಆಮೇಲೆ ಕೊಳವೆಬಾವಿ ಬಂತು. ಮೊದಲು ಇನ್ನೂರು ಅಡಿ, ಆಮೇಲೆ ಐನೂರು, ಆಮೇಲೆ ಎಂಟುನೂರು. ನಾನು ನಿವೃತ್ತನಾಗುವ ಹೊತ್ತಿಗೆ ಸಾವಿರ ಅಡಿ ದಾಟಿದ ಕೊಳವೆಬಾವಿಗೆ ಕರೆಂಟು ಕೊಡುವುದು ಮಾಮೂಲಿ ಆಗಿತ್ತು. ಆಳ ಹೆಚ್ಚಿದಂತೆ ಮೋಟರಿನ ಎಚ್.ಪಿ. ಹೆಚ್ಚುತ್ತದೆ, ಟ್ರಾನ್ಸ್‌ಫಾರ್ಮರ್ ಮೇಲೆ ಭಾರ ಹೆಚ್ಚುತ್ತದೆ, ರೈತನ ಸಾಲವೂ ಹೆಚ್ಚುತ್ತದೆ. ಲೆಕ್ಕ ಹಾಕಿ ನೋಡಿ. ಮಧುಗಿರಿ ಬೆಟ್ಟ ನೆಲದಿಂದ ಎಷ್ಟು ಮೇಲಕ್ಕಿದೆಯೋ ಹೆಚ್ಚುಕಡಿಮೆ ಅಷ್ಟೇ ಕೆಳಕ್ಕೆ ನಾವು ನೀರು ಹುಡುಕಿಕೊಂಡು ಹೋಗಿದ್ದೇವೆ.

ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಬೆಟ್ಟ ಹತ್ತಿದರೆ ಏನು ಕಾಣುತ್ತದೆ ಗೊತ್ತೆ? ನೀರು.

ಮೊದಲು ಹತ್ತಿದ್ದು ಕೊರಟಗೆರೆಯ ಸಿದ್ದರಬೆಟ್ಟ. ಗಿಡಮೂಲಿಕೆಗೆ ಹೆಸರಾದ ಬೆಟ್ಟ, ಮೇಲೆ ಗುಹೆಯಲ್ಲಿ ಸಿದ್ಧೇಶ್ವರ. ಆ ಗುಹೆಯೊಳಗೆ ಬಂಡೆಯ ಸಂದಿಯಿಂದ ತಣ್ಣನೆಯ ನೀರು ಬರುತ್ತದೆ. ಭಕ್ತರು ಅದನ್ನು ಮೈಮೇಲೆ ಸುರಿದುಕೊಳ್ಳುತ್ತಾರೆ, ಬಾಟಲಿಯಲ್ಲಿ ಮನೆಗೂ ತರುತ್ತಾರೆ. ಎರಡನೆಯದು ಚನ್ನರಾಯನದುರ್ಗ. ಅಲ್ಲಿ ಜನಸಂದಣಿ ಇಲ್ಲ. ಕುಸಿದ ಗೋಡೆ, ಪಾಳು ಬಿದ್ದ ಮಂಟಪಗಳ ನಡುವೆ ಕಲ್ಲು ಕಟ್ಟಿದ ಕೊಳ. ಮೂರನೆಯದು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿರುವ ಮಿಡಿಗೇಶಿ. ಹಿಮ್ಮಡಿಯವರೆಗೆ ಕೂದಲಿದ್ದ ಹೆಣ್ಣುಮಗಳೊಬ್ಬಳಿಂದ ಊರಿಗೆ ಈ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಆಮೇಲೆ ಪಾವಗಡದ ಕೋಟೆ. ಶನಿಮಹಾತ್ಮನ ದರ್ಶನಕ್ಕೆ ಹೋಗುವವರು ಒಂದು ಬೆಳಗ್ಗೆ ಮೊದಲೇ ಹೋಗಿ ಅದನ್ನೂ ಹತ್ತಿ ಬನ್ನಿ. ಐದನೆಯದು ನಿಡಗಲ್ಲು. ನಿಡುಗಲ್ಲು ಚೋಳರು ಆಳಿದ ದುರ್ಗ, ಗುಡಿಗಳು, ಬಸದಿ, ಶಾಸನ ಎಲ್ಲ ಅಲ್ಲಿ ಇವೆ. ಒಂದು ಕಾಲಕ್ಕೆ ಅದು ರಾಜಧಾನಿಯಷ್ಟು ದೊಡ್ಡ ಊರಾಗಿತ್ತು ಎಂದರೆ ಈಗ ಅಲ್ಲಿ ಮೇಕೆ ಮೇಯಿಸುವ ಹುಡುಗರೇ ನಂಬುವುದಿಲ್ಲ.

ಕೊನೆಗೆ ಉಳಿಸಿಕೊಂಡದ್ದು ಮಧುಗಿರಿ. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ಅದರಾಚೆ ಬಂಡೆಯಲ್ಲೇ ಕಡಿದ ಮೆಟ್ಟಿಲು. ಕೆಲವು ಕಡೆ ಪಕ್ಕದ ಕಂಬಿ ಹಿಡಿದು ಕೈಕಾಲು ಎರಡನ್ನೂ ಊರಿ ಹತ್ತಬೇಕು. ಕಂಬ ಹತ್ತಿದ ನನಗೆ ಎತ್ತರದ ಭಯವಿಲ್ಲ, ಮಂಡಿಯದ್ದೇ ಚಿಂತೆ. ಐವತ್ತು ಹೆಜ್ಜೆಗೆ ಒಂದು ಸಲ ಕೂತೆವು. ನಮ್ಮನ್ನು ದಾಟಿ ಹೋದ ಕಾಲೇಜು ಹುಡುಗಿಯರು, "ತಾತ, ನಿಧಾನ" ಎಂದರು. ನಾವು ತುದಿ ಮುಟ್ಟಿದಾಗ ಅವರೇ ಚಪ್ಪಾಳೆ ತಟ್ಟಿದರು.

ತುದಿಯಲ್ಲಿ ಗೋಪಾಲಕೃಷ್ಣನ ಪಾಳುಗುಡಿ ಇದೆ, ಹಳೆಯ ಉಗ್ರಾಣಗಳಿವೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಅಲ್ಲಿನ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಇದೇ ಕೋಟೆಯಲ್ಲಿ. 1767ರಲ್ಲಿ ಮರಾಠರು ಕೋಟೆ ಹಿಡಿದ ಮೇಲೆ ಆಕೆಗೆ ಬಿಡುಗಡೆಯಾಯಿತು. ಮಲೆನಾಡಿನ ಮಳೆಯಲ್ಲಿ ಬೆಳೆದ ಹೆಣ್ಣುಮಗಳು ಈ ಬಿಸಿಲಿನ ಬಂಡೆಯ ಮೇಲೆ ಆ ವರ್ಷಗಳನ್ನು ಹೇಗೆ ಕಳೆದಳೋ! ಅವಳಿಗೆ, ಕಾವಲಿನವರಿಗೆ, ಸೈನ್ಯಕ್ಕೆ ನೀರು ಎಲ್ಲಿಂದ ಬರುತ್ತಿತ್ತು? ಕೆಳಗಿನಿಂದ ಹೊತ್ತು ತಂದರೆ ಸೈನ್ಯ ಉಳಿಯುತ್ತದೆಯೆ? ಮುತ್ತಿಗೆ ಹಾಕಿದವರು ಬುಡದಲ್ಲಿ ಕೂತರೆ ಕಥೆ ಮುಗಿಯಿತು. ಕೋಟೆ ಉಳಿಯುತ್ತಿದ್ದದ್ದು ಮಳೆನೀರಿನಿಂದ. ಬಂಡೆಯ ಮೇಲೆ ಬಿದ್ದ ನೀರು ತಗ್ಗಿಗೆ ಹರಿಯುವಂತೆ ಸಣ್ಣ ಕಾಲುವೆ, ತಗ್ಗಿಗೆ ಕಲ್ಲಿನ ಅಡ್ಡಗಟ್ಟೆ, ಅದೇ ದೊಣೆ. ಕರೆಂಟಿಲ್ಲ, ಮೋಟರಿಲ್ಲ.

ನಾವು ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ದೊಣೆಯಲ್ಲಿ ಇನ್ನೂ ನೀರಿತ್ತು. ನನ್ನ ಗೆಳೆಯ ಅದರ ಪಕ್ಕ ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ ಹೇಳಿದ: "ಮೂರು ಬೋರ್ ಹಾಕಿಸ್ದೆ ಕಣೋ. ಕೊನೇದು ಸಾವಿರದಿನ್ನೂರು ಅಡಿ, ಬರೀ ಧೂಳು ಬಂತು. ಇಲ್ಲಿ ನೋಡು, ಬಂಡೆ ಮೇಲೆ ನಿಂತೈತೆ." ಆ ಮೂರು ಬೋರಿಗೆ ಅವನು ಕೊಟ್ಟ ಬೆಲೆ ಎರಡು ಎಕರೆ ಜಮೀನು. ತುದಿ ಮುಟ್ಟಿದ ಖುಷಿಯಲ್ಲಿದ್ದ ನನಗೆ ಮಾತು ಹೊರಡಲಿಲ್ಲ.

ಇಳಿದು ಬಂದ ಮೇಲೆ ಒಂದು ಲೆಕ್ಕ ಮಾಡಿದೆ. ಈ ಶಾಲೆಯ ಗಣಿತದ ಮೇಷ್ಟ್ರು ಕಲಿಸಿದ ಲೆಕ್ಕವೇ. ಒಂದು ಎಕರೆ ಬಂಡೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ಐದು ಸಾವಿರ ಲೀಟರಿನ ಟ್ಯಾಂಕರು ಎಂಟು. ನೂರು ಎಕರೆ ಬಂಡೆಯಾದರೆ ಎಂಟುನೂರು ಟ್ಯಾಂಕರು, ಒಂದೇ ಹದಮಳೆಗೆ. ಬಂಡೆ ನೀರು ಕುಡಿಯುವುದಿಲ್ಲ, ಹೆಚ್ಚುಕಡಿಮೆ ಎಲ್ಲವನ್ನೂ ಕೆಳಗೆ ಕಳಿಸುತ್ತದೆ. ರಾಮನಗರದ ಕಡೆಯಿಂದ ನಮ್ಮ ಸೀಮೆ ಹಾದು ಬಳ್ಳಾರಿಯ ಕಡೆಗೆ ಹೋಗುವ ಈ ಕಲ್ಲಿನ ಸಾಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಕೆಳಗೆ ಅದೇ ಗಟ್ಟಿ ಕಲ್ಲು ಇರುವುದರಿಂದಲೇ ಆಳಕ್ಕೆ ಹೋದಷ್ಟೂ ನೀರು ಕಡಿಮೆ. ಸಿಕ್ಕರೂ ಪಾವಗಡದ ಕಡೆ ಫ್ಲೋರೈಡ್ ಜಾಸ್ತಿ, ಮಕ್ಕಳ ಹಲ್ಲು, ದೊಡ್ಡವರ ಮೂಳೆ ಎರಡನ್ನೂ ಕೆಡಿಸಿದ ನೀರು ಅದು. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಯಿತು, 2,050 ಮೆಗಾವ್ಯಾಟ್. ರೈತರು ಜಮೀನು ಗುತ್ತಿಗೆಗೆ ಕೊಟ್ಟರು. ಕರೆಂಟಿನವನಾದ ನನಗೆ ಅದು ಹೆಮ್ಮೆಯೇ. ಆದರೆ ನೀರಿದ್ದಿದ್ದರೆ ಅಷ್ಟೊಂದು ಜನ ಉಳುವ ನೆಲ ಕೊಡುತ್ತಿದ್ದರೆ ಎಂಬ ಪ್ರಶ್ನೆಯೂ ಮನಸ್ಸಿನಲ್ಲಿದೆ.

ಬೆಟ್ಟದ ನೀರು ಇಳಿದು ಎಲ್ಲಿಗೆ ಹೋಗಬೇಕು? ಕೆರೆಗೆ. ಹಿಂದಿನವರು ಬೆಟ್ಟದ ಬುಡದಲ್ಲಿ ಕಟ್ಟೆ, ಅದರ ಕೆಳಗೆ ಕೆರೆ, ಕೋಡಿ ಬಿದ್ದರೆ ಮುಂದಿನ ಊರಿನ ಕೆರೆ ಎಂದು ಸಾಲಾಗಿ ಕಟ್ಟಿದರು. ಮೇಲಿನಿಂದ ನೋಡಿದರೆ ಆ ಸಾಲು ಸ್ಪಷ್ಟವಾಗಿ ಕಾಣುತ್ತದೆ. ಎಲ್ಲಿ ಹಳ್ಳ ಮುಚ್ಚಿದೆ, ಎಲ್ಲಿ ಕಾಲುವೆಯ ಮೇಲೆ ಸೈಟು ಆಗಿದೆ, ಎಲ್ಲಿ ಜಾಲಿ ತುಂಬಿದೆ ಎಂಬುದೂ ಕಾಣುತ್ತದೆ. ಕೆಳಗೆ ನಿಂತವನಿಗೆ ಅವನ ಬದುವಷ್ಟೇ ಕಾಣುವುದು.

ಶಿರಾ ತಾಲ್ಲೂಕನ್ನು ಬಿಟ್ಟೆ ಎಂದು ಯಾರೂ ಬೇಸರಪಡಬೇಡಿ. ಶಿರಾದ ಕೋಟೆ ಬಯಲಿನಲ್ಲಿದೆ. ಮೊಗಲರ ಸುಬಾ ಆಗಿದ್ದ ದೊಡ್ಡ ಊರು ಅದು. ಈಗ ಕಳ್ಳಂಬೆಳ್ಳ ಕೆರೆಗೂ ಶಿರಾ ಕೆರೆಗೂ ಹೇಮಾವತಿಯ ನೀರಿಗಾಗಿ ಕಾಯುತ್ತಾರೆ. ಆ ತಾಲ್ಲೂಕಿನಲ್ಲಿ ನಾನು ಹೋದದ್ದು ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ. ಬೆಟ್ಟವಲ್ಲ, ಅದಕ್ಕೇ ಗುಡ್ಡೆ. ದನ ಕಾಯ್ದ ವೀರ ಜುಂಜಪ್ಪನನ್ನು ಕಾಡುಗೊಲ್ಲರು ಇಂದಿಗೂ ಗಣೆ ಊದಿ ಹಾಡುತ್ತಾರೆ. ದೇವರ ಜಾಗವೆಂದು ಜನ ಕಾಪಾಡಿಕೊಂಡು ಬಂದ ಜಾಗ ಅದು. ಕಾಪಾಡುವುದಕ್ಕೆ ಎತ್ತರ ಬೇಕಿಲ್ಲ, ಜನ ಒಪ್ಪಿಕೊಂಡರೆ ಸಾಕು ಎಂದು ಅಲ್ಲಿ ಅನ್ನಿಸಿತು. ಅದಕ್ಕೇ ಆರು ಬೆಟ್ಟದ ಪಟ್ಟಿಗೆ ಆ ಗುಡ್ಡೆಯನ್ನೂ ಸೇರಿಸಿಕೊಂಡೆ.

ಇನ್ನು ಎರಡು ಕೋರಿಕೆ ಮುಂದಿಟ್ಟು ಕೂರುತ್ತೇನೆ. ಮೊದಲನೆಯದು ಮುಖ್ಯೋಪಾಧ್ಯಾಯರಿಗೆ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು, ಹೆಣ್ಣುಮಕ್ಕಳು ಗಂಡುಮಕ್ಕಳು ಎಲ್ಲರನ್ನೂ, ಒಂದು ಬೆಟ್ಟಕ್ಕೆ ಕರೆದುಕೊಂಡು ಹೋಗೋಣ. ಮಳೆಗಾಲದಲ್ಲಿ ಬೇಡ, ಬಂಡೆ ಜಾರುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟು ಬಿಸಿಲೇರುವ ಮುಂಚೆ ಇಳಿಯಬೇಕು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಹಿಡಿತವಿರುವ ಶೂ. ಹೆಜ್ಜೇನಿನ ಗೂಡು ಕಂಡರೆ ಗಲಾಟೆ ಮಾಡಕೂಡದು. ಅದರ ಖರ್ಚು ಹಳೆಯ ವಿದ್ಯಾರ್ಥಿಗಳದು. ದಾರಿ ತೋರಿಸಲು ನಾನು ಬರುತ್ತೇನೆ, ನನ್ನ ಗೆಳೆಯನೂ ಬರುತ್ತಾನೆ.

ಎರಡನೆಯದು ಊರಿನ ಹಿರಿಯರಿಗೆ. ತುದಿಯಲ್ಲಿ ನಿಂತು ಮಕ್ಕಳು ನಮ್ಮ ಕೆರೆಗೆ ನೀರು ಬರುವ ದಾರಿಯ ನಕ್ಷೆ ಬರೆಯಲಿ. ಇಳಿದ ಮೇಲೆ ಆ ದಾರಿಯಲ್ಲಿ ನಡೆದು ಎಲ್ಲಿ ಅಡ್ಡಿಯಾಗಿದೆ ಎಂದು ಗುರುತು ಹಾಕಲಿ. ಆ ನಕ್ಷೆಯನ್ನು ಗ್ರಾಮಸಭೆಯಲ್ಲಿ ಇಟ್ಟಾಗ, "ಹುಡುಗರು ಬರೆದದ್ದು" ಎಂದು ಪಕ್ಕಕ್ಕೆ ತಳ್ಳಬೇಡಿ. ಅಡ್ಡಿ ನಮ್ಮದೇ ಹೊಲದಲ್ಲಿ ಇದ್ದರೂ ಬಿಚ್ಚಿಕೊಡೋಣ. ಈ ಶಾಲೆ ನೂರು ವರ್ಷ ಪೂರೈಸುವಾಗ ನಾವು ಇರುವುದಿಲ್ಲ. ಕೆರೆ ಇದ್ದರೆ ಊರು ಇರುತ್ತದೆ, ಊರು ಇದ್ದರೆ ಶಾಲೆಗೆ ಮಕ್ಕಳು ಬರುತ್ತಾರೆ.

 ಮೊದಲನೇ ತಂಡ ಬರುವ ಜನವರಿಯಲ್ಲಿ ಹೊರಡುತ್ತದೆ, ಹೆಸರು ಕೊಡುವ ಮಕ್ಕಳು ದೈಹಿಕ ಶಿಕ್ಷಕರ ಹತ್ತಿರ ಇವತ್ತೇ ಕೊಡಬಹುದು.

ಜೈ ಹಿಂದ್, ಜೈ ಕರ್ನಾಟಕ.