ಸತ್ತ ಗಣಕಯಂತ್ರವೋ, ಸಡಿಲಗೊಂಡ ತಂತಿಯೋ?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಘಟ್ಟದ ಮೇಲಿನ ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ, ಅಡಿಕೆ ಬೆಳೆಗಾರರ ಮನೆಗಳಲ್ಲಿ ಹತ್ತು-ಹನ್ನೆರಡು ವರ್ಷ ದುಡಿದ ಮೇಜಿನ ಗಣಕಯಂತ್ರಗಳು ಇನ್ನೂ ಉಳಿದಿವೆ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹಳೆಯ ಯಂತ್ರಗಳಲ್ಲಿ ಬಹಳಷ್ಟು ವಿಂಡೋಸ್ 11ರ ಅರ್ಹತೆಗೆ ನಿಲ್ಲುವುದಿಲ್ಲ. ಆದ್ದರಿಂದ ಇನ್ನಷ್ಟು ರ‍್ಯಾಮ್ ಸೇರಿಸಿ, ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಕೂರಿಸಿ, ಲಿನಕ್ಸ್ ಹಾಕಿಕೊಂಡು ಅದೇ ಯಂತ್ರದಿಂದ ಮತ್ತೆ ಕೆಲಸ ತೆಗೆಯುವವರಿದ್ದಾರೆ. ಪರಿಸರದ ದೃಷ್ಟಿಯಿಂದ ಇದು ಸರಿಯಾದ ಮಾರ್ಗ.

ಆದರೆ ಈ ಮಾರ್ಗದಲ್ಲಿ ಒಂದು ಎಡರು ಪದೇ ಪದೇ ಎದುರಾಗುತ್ತದೆ. ಹೊಸ ಭಾಗವನ್ನು ಕೂರಿಸಿ, ಮುಚ್ಚಳ ಹಾಕಿ, ಗುಂಡಿ ಒತ್ತಿದರೆ ಯಂತ್ರ ಮಿಸುಕುವುದೇ ಇಲ್ಲ. ‘ಮದರ್‌ಬೋರ್ಡ್ ಹೋಯಿತು, ಹೊಸದು ತರುವುದೇ ಮೇಲು’ ಎಂಬ ತೀರ್ಪು ಕ್ಷಣಮಾತ್ರದಲ್ಲಿ ಹೊರಬೀಳುತ್ತದೆ. ಮುಂದಿನ ವಾರ ಅದು ಗುಜರಿಯವನ ಗಾಡಿಯಲ್ಲಿರುತ್ತದೆ. ನಿನ್ನೆಯವರೆಗೆ ನಡೆಯುತ್ತಿದ್ದ ಯಂತ್ರವು ಕೈಹಾಕಿದ ಮರುಗಳಿಗೆಯಲ್ಲಿ ನಿಂತಿತೆಂದರೆ, ಅದರ ಕಾರಣವೂ ಬಹುಪಾಲು ಕೈಹಾಕಿದ ಜಾಗದಲ್ಲೇ ಇರುತ್ತದೆ. ಅದನ್ನು ಹುಡುಕುವ ಕ್ರಮವೇ ಇಂದಿನ ವಿಷಯ.

ಗುಂಡಿ ಒತ್ತಿದಾಗ ನಡೆಯುವುದೇನು?

ಮನೆಯ ದೀಪದ ಸ್ವಿಚ್ಚಿನಂತೆ ಗಣಕಯಂತ್ರದ ಗುಂಡಿಯು ಮುಖ್ಯ ವಿದ್ಯುತ್ತನ್ನು ನೇರವಾಗಿ ಹರಿಸುವುದಿಲ್ಲ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಕ್ರಮದಲ್ಲಿ, ಪ್ಲಗ್ ಹಾಕಿದೊಡನೆ ಎಸ್‌ಎಂಪಿಎಸ್ ಪೆಟ್ಟಿಗೆಯು 5 ವೋಲ್ಟಿನ ಒಂದು ಸಣ್ಣ ಕಾವಲು ವಿದ್ಯುತ್ತನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಗುಂಡಿಯು ಮದರ್‌ಬೋರ್ಡಿನ ಎರಡು ಸೂಜಿಗಳನ್ನು ಒಂದು ಕ್ಷಣ ಜೋಡಿಸುತ್ತದೆ, ಅಷ್ಟೆ. ಆಗ ಮದರ್‌ಬೋರ್ಡು ಎಸ್‌ಎಂಪಿಎಸ್‌ಗೆ ಸಂಜ್ಞೆ ನೀಡುತ್ತದೆ. ಎಸ್‌ಎಂಪಿಎಸ್ ಎಚ್ಚೆತ್ತು 12, 5 ಮತ್ತು 3.3 ವೋಲ್ಟುಗಳನ್ನು ಹರಿಸುತ್ತದೆ. ಎಲ್ಲವೂ ಸರಿಯಿದೆಯೆಂದು ಮರುಸಂಜ್ಞೆ ಬಂದ ಮೇಲೆ ಪ್ರೊಸೆಸರ್ ಕೆಲಸಕ್ಕಿಳಿಯುತ್ತದೆ. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಯಂತ್ರ ಏಳದು.

ಆದಕಾರಣ ಮೊದಲು ಲಕ್ಷಣವನ್ನು ಸರಿಯಾಗಿ ಗುರುತಿಸಬೇಕು. ಫ್ಯಾನೂ ತಿರುಗದೆ, ದೀಪವೂ ಹತ್ತದೆ ಇದ್ದರೆ ತೊಂದರೆ ವಿದ್ಯುತ್ತಿನ ದಾರಿಯಲ್ಲಿ ಅಥವಾ ಗುಂಡಿಯ ತಂತಿಯಲ್ಲಿದೆ. ಒಂದು ಕ್ಷಣ ತಿರುಗಿ ನಿಂತರೆ ಎಲ್ಲಿಯೋ ಶಾರ್ಟ್ ಆಗಿರುವ ಶಂಕೆ. ಫ್ಯಾನ್ ತಿರುಗುತ್ತಿದ್ದೂ ಪರದೆ ಕಪ್ಪಾಗಿದ್ದರೆ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಅಥವಾ ಪ್ರೊಸೆಸರಿನ ಕಡೆ ನೋಡಬೇಕು. ಬೀಪ್ ಸದ್ದು ಬಂದರೆ ಅದು ಶುಭಸೂಚನೆ. ಮದರ್‌ಬೋರ್ಡಿಗೆ ಜೀವವಿದೆ, ತನ್ನ ನೋವನ್ನು ಅದು ಹೇಳುತ್ತಿದೆ ಎಂದರ್ಥ.

ಎಚ್ಚರಿಕೆಯ ಮಾತು

ಮುಚ್ಚಳ ತೆಗೆಯುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಬರಿದು ಮಾಡಬೇಕು. ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿದ ಬಳಿಕವೇ ಒಳಭಾಗಗಳಿಗೆ ಕೈಹಾಕಬೇಕು. ಮೈಯಲ್ಲಿ ಸಂಚಯಗೊಂಡ ಸ್ಥಿರವಿದ್ಯುತ್ತು ಚಿಪ್ಪುಗಳನ್ನು ಕೊಲ್ಲಬಲ್ಲದು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರುಗಳು 300 ವೋಲ್ಟಿಗೂ ಮೀರಿದ ವಿದ್ಯುತ್ತನ್ನು, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಕಾಲ ಹಿಡಿದಿಟ್ಟುಕೊಂಡಿರುತ್ತವೆ. ಅದು ಅನುಭವಿ ತಂತ್ರಜ್ಞರ ಕೆಲಸ.

ಹುಡುಕುವ ಕ್ರಮ

ಮೊದಲನೆಯದು ಗೋಡೆಯ ಪ್ಲಗ್. ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿದರೆ ಅರ್ಧ ಸಂಶಯ ಕಳೆಯುತ್ತದೆ. ಎಸ್‌ಎಂಪಿಎಸ್ ಹಿಂಬದಿಯ ಸಣ್ಣ ಸ್ವಿಚ್ಚನ್ನು ಕೆಲಸದ ವೇಳೆ ಆರಿಸಿ ಮರೆಯುವುದು ಸರ್ವೇಸಾಮಾನ್ಯ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ ಪರೀಕ್ಷಿಸಬೇಕು. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವ್ಯಾಟ್ ಮಾತ್ರ. ಬ್ಯಾಟರಿ ಹಳತಾಗಿದ್ದರೆ ಹೊಸ ಭಾಗದ ಭಾರಕ್ಕೆ ಅದು ಕೈಬಿಡಬಹುದು.

ಎರಡನೆಯದು ಒಳಗಿನ ಜೋಡಣೆಗಳು. ಹೊಸ ಭಾಗ ಕೂರಿಸುವಾಗ ಕೈತಾಗಿ ಹಳೆಯ ತಂತಿಗಳು ಸಡಿಲಗೊಳ್ಳುತ್ತವೆ. 24 ಸೂಜಿಗಳ ದೊಡ್ಡ ಪ್ಲಗ್ ಕೊಂಡಿ ಬೀಳುವವರೆಗೆ ಕೂತಿದೆಯೇ, ಪ್ರೊಸೆಸರಿನ ಬಳಿ 4 ಅಥವಾ 8 ಸೂಜಿಗಳ ಬೇರೆ ಪ್ಲಗ್ ಹಾಕಲಾಗಿದೆಯೇ ಎಂದು ನೋಡಬೇಕು. ಈ ಚಿಕ್ಕ ಪ್ಲಗ್ ಮರೆತರೆ ಫ್ಯಾನ್ ತಿರುಗಿದರೂ ಪ್ರೊಸೆಸರಿಗೆ ವಿದ್ಯುತ್ ಇರುವುದಿಲ್ಲ. ಮುಂಭಾಗದ ಗುಂಡಿಯಿಂದ ಬರುವ ಎರಡು ತೆಳು ತಂತಿಗಳು ತಮ್ಮ ಸೂಜಿಗಳಲ್ಲೇ ಇವೆಯೇ ಎಂಬುದನ್ನೂ ಮದರ್‌ಬೋರ್ಡಿನ ಮೇಲಿನ ಬರಹದೊಡನೆ ಹೋಲಿಸಬೇಕು. ಗುಂಡಿಯೇ ಕೆಟ್ಟಿದೆಯೆಂಬ ಸಂಶಯವಿದ್ದರೆ ಆ ಎರಡು ಸೂಜಿಗಳನ್ನು ಮಾತ್ರ ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಯಂತ್ರ ಎದ್ದೇಳುತ್ತದೆ.

ಮೂರನೆಯದು ಹೊಸದಾಗಿ ಬಂದ ಭಾಗ. ರ‍್ಯಾಮ್ ಪಟ್ಟಿಯು ಎರಡೂ ಬದಿಯಲ್ಲಿ ‘ಟಕ್’ ಎನ್ನುವವರೆಗೆ ಕೂರಬೇಕು. ಡಿಡಿಆರ್3ಕ್ಕೆ 240 ಸಂಪರ್ಕಗಳು, 1.5 ವೋಲ್ಟ್, ಡಿಡಿಆರ್4ಕ್ಕೆ 288 ಸಂಪರ್ಕಗಳು, 1.2 ವೋಲ್ಟ್. ನಡುವಿನ ಕಚ್ಚಿನ ಜಾಗವೂ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಲವಂತದಿಂದ ತುರುಕಿದರೆ ಎರಡೂ ಹಾಳು. ಗ್ರಾಫಿಕ್ಸ್ ಕಾರ್ಡಿಗೆ ಮದರ್‌ಬೋರ್ಡಿನ ಗಾಡಿಯಿಂದ ದೊರೆಯುವುದು ಹೆಚ್ಚೆಂದರೆ 75 ವ್ಯಾಟ್. ಮೇಲ್ಬದಿಯಲ್ಲಿ 6 ಅಥವಾ 8 ಸೂಜಿಗಳ ಕಿಂಡಿಯಿದ್ದರೆ ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಕೊಡಲೇಬೇಕು. ಮಾನಿಟರಿನ ಕೇಬಲ್ಲನ್ನು ಹೊಸ ಕಾರ್ಡಿಗೆ ಹಾಕದೆ ಹಳೆಯ ಕಿಂಡಿಯಲ್ಲೇ ಬಿಟ್ಟು, ಯಂತ್ರ ಸತ್ತಿತೆಂದು ಸಾರುವುದೂ ಉಂಟು. ಪ್ರೊಸೆಸರನ್ನೇ ಬದಲಿಸಿದ್ದಲ್ಲಿ ಮದರ್‌ಬೋರ್ಡಿನ ಬಯೋಸ್ ಅದನ್ನು ಗುರುತಿಸಬಲ್ಲದೇ ಎಂದು ಮೊದಲೇ ತಿಳಿಯಬೇಕು.

ನಾಲ್ಕನೆಯದು ಶಾರ್ಟ್. ಮದರ್‌ಬೋರ್ಡನ್ನು ಲೋಹದ ಪೆಟ್ಟಿಗೆಯಿಂದ ಎತ್ತಿಹಿಡಿಯುವ ಪುಟ್ಟ ಹಿತ್ತಾಳೆಯ ಗೂಟಗಳಿರುತ್ತವೆ. ಬೇಡದ ಕಡೆ ಒಂದು ಗೂಟ ಉಳಿದರೆ, ಅಥವಾ ಕೈಜಾರಿದ ಒಂದು ಸ್ಕ್ರೂ ಬೋರ್ಡಿನಡಿ ಸೇರಿಕೊಂಡರೆ, ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳಲು ಕೂಡಲೇ ನಿಲ್ಲುತ್ತದೆ.

ಇಷ್ಟಾದರೂ ಫಲ ಕಾಣದಿದ್ದಲ್ಲಿ ಹೊಸ ಭಾಗವನ್ನು ತೆಗೆದು ಯಂತ್ರವನ್ನು ಹಿಂದಿನ ಸ್ಥಿತಿಗೆ ತರಬೇಕು. ಎದ್ದರೆ ದೋಷ ಹೊಸ ಭಾಗದ್ದು ಅಥವಾ ಅದರ ಭಾರವನ್ನು ಹೊರಲಾರದ ಎಸ್‌ಎಂಪಿಎಸ್‌ನದು. ಏಳದಿದ್ದರೆ ಪ್ರೊಸೆಸರ್, ಅದರ ಫ್ಯಾನ್, ಒಂದೇ ಒಂದು ರ‍್ಯಾಮ್ ಪಟ್ಟಿ ಇವಿಷ್ಟನ್ನೇ ಉಳಿಸಿ ಪರೀಕ್ಷಿಸಿ, ಅನಂತರ ಒಂದೊಂದಾಗಿ ಸೇರಿಸುತ್ತ ಬರಬೇಕು. ಒಮ್ಮೆಗೆ ಒಂದೇ ಬದಲಾವಣೆ. ಪ್ರತಿಯೊಂದನ್ನೂ ಕಾಗದದಲ್ಲಿ ಬರೆದಿಡುವುದು. ಇದು ವಿಜ್ಞಾನದ ವಿಧಾನವೇ ಹೊರತು ಬೇರೇನಲ್ಲ. ಪ್ಲಗ್ ಕಿತ್ತು, ನಾಣ್ಯದಂತಹ 3 ವೋಲ್ಟಿನ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟು ಮರಳಿ ಹಾಕಿದರೆ ಕೆಟ್ಟ ಹಳೆಯ ಹೊಂದಾಣಿಕೆಗಳು ಅಳಿಯುತ್ತವೆ.

ಎಸ್‌ಎಂಪಿಎಸ್‌ನ ಪರೀಕ್ಷೆಯೂ ಸರಳ. ಪ್ಲಗ್ ತೆಗೆದು, ಮದರ್‌ಬೋರ್ಡಿನಿಂದ ಅದನ್ನು ಬೇರ್ಪಡಿಸಿ, 24 ಸೂಜಿಗಳ ಪ್ಲಗ್ಗಿನ ಹಸಿರು ತಂತಿಯ ರಂಧ್ರವನ್ನೂ ಕಪ್ಪು ತಂತಿಯ ರಂಧ್ರವನ್ನೂ ಪೇಪರ್ ಕ್ಲಿಪ್ಪಿನಿಂದ ಜೋಡಿಸಿ, ಭಾರಕ್ಕಾಗಿ ಹಳೆಯ ಹಾರ್ಡ್ ಡಿಸ್ಕೊಂದನ್ನು ಸೇರಿಸಿ, ಆಮೇಲೆ ವಿದ್ಯುತ್ ಕೊಡಬೇಕು. ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಕೆಟ್ಟಿರುವ ಸಂಭವ ಹೆಚ್ಚು. ತಿರುಗಿದರೆ ಮಲ್ಟಿಮೀಟರಿನಲ್ಲಿ ಹಳದಿ ತಂತಿ 12, ಕೆಂಪು 5, ಕಿತ್ತಳೆ 3.3 ವೋಲ್ಟ್ ತೋರಬೇಕು. ಶೇಕಡ 5ರಷ್ಟು ಆಚೀಚೆ ಸಹ್ಯ. ಕೆಲವು ಕಂಪನಿಗಳ ಸಿದ್ಧ ಯಂತ್ರಗಳಲ್ಲಿ ತಂತಿಗಳ ಕ್ರಮ ಬೇರೆಯಿರುವುದರಿಂದ ಅಲ್ಲಿ ಈ ಪರೀಕ್ಷೆ ಸಲ್ಲದು.

ಮಳೆನಾಡಿನ ವಿಶೇಷ

ಮಳೆಗಾಲದ ತೇವಕ್ಕೆ ರ‍್ಯಾಮ್ ಪಟ್ಟಿಯ ಸಂಪರ್ಕಗಳು ಮಸುಕಾಗುತ್ತವೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ ಕೂರಿಸಿದರೆ ಎಷ್ಟೋ ‘ಸತ್ತ’ ಯಂತ್ರಗಳು ಏಳುತ್ತವೆ. ಗುಡುಗು ಕೇಳಿದೊಡನೆ ವಿದ್ಯುತ್ ಪ್ಲಗ್ಗನ್ನಷ್ಟೇ ಅಲ್ಲ, ದೂರವಾಣಿ ಮತ್ತು ನೆಟ್‌ವರ್ಕ್ ತಂತಿಗಳನ್ನೂ ಕೀಳಬೇಕು. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ. ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ ಹೊಸ ಯಂತ್ರ ತಂದರೂ ಅದಕ್ಕೆ ಅದೇ ಗತಿ.

ಒಂದು ಸ್ಕ್ರೂವಿನ ಬೆಲೆ

ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂದಿನ ಒಂದು ಗಣಕಯಂತ್ರ ಮತ್ತು ಅದರ ಮಾನಿಟರಿನ ತಯಾರಿಕೆಗೆ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ ಹಾಗೂ 1,500 ಕಿಲೋ ನೀರು ವ್ಯಯವಾಗುತ್ತಿತ್ತು. ಲೋಹವು ಯಾವುದೋ ನಾಡಿನ ಬೆಟ್ಟದ ಒಡಲಿನಿಂದಲೇ ಬರಬೇಕು. 2005ರ ಅಂತ್ಯದಲ್ಲಿ ನಿಂತ ಕುದುರೆಮುಖದ ಗಣಿಗಾರಿಕೆಯನ್ನು ಕಂಡ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಹೊರಹಾಕಿತು. ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದು ಶೇಕಡ 22.3 ಮಾತ್ರ. ಗುಜರಿಯ ದಾರಿ ಹಿಡಿದ ಬೋರ್ಡುಗಳು ದೆಹಲಿಯ ಸೀಲಂಪುರ, ಉತ್ತರಪ್ರದೇಶದ ಮೊರಾದಾಬಾದಿನಂತಹ ಕಡೆಗಳಲ್ಲಿ ಬೆಂಕಿಗೂ ಆಮ್ಲಕ್ಕೂ ಬಿದ್ದಿವೆ. ಆ ಹೊಗೆಯನ್ನು ಉಸಿರಾಡಿದವರು ಬಡ ಕೂಲಿಕಾರರು. ವಿದ್ಯುನ್ಮಾನ ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ತ್ಯಾಜ್ಯದ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸುತ್ತವೆ. ನಿಜಕ್ಕೂ ಕೆಟ್ಟ ಭಾಗವು ನೋಂದಾಯಿತ ಮರುಬಳಕೆದಾರರಿಗೇ ತಲುಪಬೇಕು. ಆದರೆ ಕೆಡದೇ ಇರುವ ಯಂತ್ರವನ್ನು ತ್ಯಾಜ್ಯವಾಗಿಸದಿರುವ ಹೊಣೆ ಬಳಸುವವರದ್ದೇ.

ಪ್ರತಿ ಊರಿನ ಶಾಲೆಯಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್, ಕೆಲಸ ಮಾಡುವುದು ಖಚಿತವಾದ ಒಂದು ಎಸ್‌ಎಂಪಿಎಸ್ ಹಾಗೂ ಮೇಲಿನ ಕ್ರಮವನ್ನು ಬರೆದ ಒಂದು ಹಾಳೆ ಇದ್ದರೆ ಸಾಕು. ಸುತ್ತಲಿನ ಹಳ್ಳಿಗಳ ಯಂತ್ರಗಳನ್ನು ವಿದ್ಯಾರ್ಥಿಗಳೇ ಮೊದಲು ಪರೀಕ್ಷಿಸಲಿ. ಗುಜರಿಯ ಗಾಡಿ ಅನಂತರ ಬರಲಿ.