ಮರಿಂಡುಕೆಯ ಕಂಬದಾಟ



ಈ ಮಾಲಿಕೆಯಲ್ಲಿ ಫಿಲಿಪ್ಪೀನ್ಸ್ ಬಗ್ಗೆ ಈಗಾಗಲೇ ಎರಡು ಸಲ ಮಾತಾಡಿದ್ದೇನೆ. ಒಮ್ಮೆ ಭತ್ತದ ಬಗ್ಗೆ, ಇನ್ನೊಮ್ಮೆ ಚಂಡಮಾರುತದ ಬಗ್ಗೆ. ಬಂದ ಪತ್ರಗಳಲ್ಲಿ ಭತ್ತದ ಸುದ್ದಿ ಎತ್ತಿದವರು ಇಬ್ಬರೇ. ಉಳಿದವರೆಲ್ಲ, ಅದರಲ್ಲೂ ಮಕ್ಕಳನ್ನು ಡಾಕ್ಟರಿಕೆ ಓದಲು ಅಲ್ಲಿಗೆ ಕಳಿಸಿರುವ ತಂದೆತಾಯಂದಿರು, ಸುತ್ತಿ ಬಳಸಿ ಕೇಳಿದ್ದು ಒಂದೇ. ಅಲ್ಲಿ ಜನ ದುಡ್ಡಿಗೆ ಮತ ಮಾರಿಕೊಳ್ಳುತ್ತಾರಂತೆ, ಒಂದೊಂದು ದ್ವೀಪವೂ ಒಂದೊಂದು ಮನೆತನದ ಪಾಳೆಯಪಟ್ಟಂತೆ, ಹಾಗಿದ್ದ ಮೇಲೆ ಅಲ್ಲಿ ಚುನಾವಣೆ ಯಾತಕ್ಕೆ, ಚುನಾವಣೆ ಬಂದಾಗ ನಮ್ಮ ಮಕ್ಕಳ ಗತಿ ಏನು ಅಂತ.

ಮಕ್ಕಳ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ಈ 'ಮತ ಮಾರಿಕೊಳ್ಳುವ ಜನ' ಎಂಬ ಮಾತು. ಇದನ್ನು ಕೇಳಿದರೆ ನನಗೆ ರೇಗುತ್ತದೆ. ಲಾಸ್ ಬಾನ್ಯೋಸ್‌ನಲ್ಲಿ ಭತ್ತದ ಸಂಶೋಧನೆಯ ಕೆಲಸದಲ್ಲಿ ಕೆಲವು ವರ್ಷ ಇದ್ದವನು ನಾನು. ರಜೆ ಸಿಕ್ಕಾಗ ಲುಸೆನಾ ಬಂದರಿಗೆ ಹೋಗಿ, ಫೆರಿ ಹತ್ತಿ, ಮೂರು ಗಂಟೆ ಪಯಣಿಸಿ ಮರಿಂಡುಕೆ ದ್ವೀಪದ ಬಲನಾಕನ್‌ನಲ್ಲಿ ಇಳಿಯುತ್ತಿದ್ದೆ. ನಕಾಶೆಯಲ್ಲಿ ನೋಡಿದರೆ ಹೃದಯದ ಆಕಾರದ ದ್ವೀಪ. ಆರು ಪಟ್ಟಣ, 218 ಬರಂಗಾಯ್ (ನಮ್ಮ ಹಳ್ಳಿಯಂಥ ಘಟಕ), 2020ರ ಗಣತಿಯಲ್ಲಿ 2,39,207 ಜನ. ಅಷ್ಟೇ ಇಡೀ ಪ್ರಾಂತ್ಯ. ಅದಕ್ಕೊಬ್ಬ ಗವರ್ನರ್, ದೇಶದ ಕೆಳಮನೆಗೆ ಅಲ್ಲಿಂದ ಹೋಗುವ ಸದಸ್ಯನೂ ಒಬ್ಬನೇ. ಈ ಎರಡು ಕುರ್ಚಿ ನೆನಪಿಟ್ಟುಕೊಳ್ಳಿ.

ಅಲ್ಲಿ ದುಡ್ಡು ಹಂಚುವುದಿಲ್ಲ ಎಂದು ನಾನು ಹೇಳುವುದಿಲ್ಲ. ಹಂಚುತ್ತಾರೆ. ಆದರೆ ಹಂಚುವವರು ಒಂದು ಕಡೆಯವರಲ್ಲ, ಎರಡೂ ಕಡೆಯವರು. ತೆಗೆದುಕೊಳ್ಳುವವರು ಎರಡನ್ನೂ ತೆಗೆದುಕೊಳ್ಳುತ್ತಾರೆ. ಆಮೇಲೆ ಬೇಕಾದವರ ಹೆಸರಿನ ಪಕ್ಕದ ಅಂಡಾಕಾರಕ್ಕೆ ಮಸಿ ತುಂಬಿ ಕಾಗದವನ್ನು ಯಂತ್ರದೊಳಗೆ ತೂರಿಸುತ್ತಾರೆ. ಯಂತ್ರ ಒಂದು ಚೀಟಿ ಕೊಡುತ್ತದೆ. ಅದನ್ನು ನೋಡಬಹುದು, ಮನೆಗೆ ಒಯ್ಯುವಂತಿಲ್ಲ, ಅಲ್ಲೇ ಪೆಟ್ಟಿಗೆಗೆ ಹಾಕಬೇಕು. ಮತಗಟ್ಟೆಯಲ್ಲಿ ಫೋನ್ ತೆಗೆದು ಮತಪತ್ರದ ಫೋಟೊ ಹೊಡೆದರೆ ಅಪರಾಧ. ಹೀಗಿರುವಾಗ ಕೊಟ್ಟ ದುಡ್ಡು ಮತವಾಯಿತೋ ಇಲ್ಲವೋ ಎಂದು ಕೊಟ್ಟವನಿಗೆ ಖಾತ್ರಿಯಾಗುವುದು ಹೇಗೆ? ಒಂದೇ ಮನೆತನ ಮೂವತ್ತು ವರ್ಷ ನಿಲ್ಲುವುದಕ್ಕೆ ಮತದಾನದ ಹಿಂದಿನ ರಾತ್ರಿಯ ಲಕೋಟೆ ಸಾಲದು. ಅದಕ್ಕೆ ಬೇರೆಯದೇ ಯಂತ್ರ ಬೇಕು.

ಆ ಯಂತ್ರ ಯಾವುದೆಂದು ಹೇಳುತ್ತೇನೆ. ಅದರ ಅರ್ಧ ಭಾಗ, ಮನೆತನಗಳನ್ನು ಮುರಿಯಲೆಂದೇ ಮಾಡಿದ ನಿಯಮ.

ಸರ್ವಾಧಿಕಾರಿ ಮಾರ್ಕೋಸ್ ಕೆಳಗಿಳಿದ ಮೇಲೆ, 1987ರಲ್ಲಿ ಬಂದ ಸಂವಿಧಾನ ಎರಡು ಮಾತು ಹೇಳಿತು. ಒಂದು, ಗವರ್ನರ್, ಮೇಯರ್, ಕೆಳಮನೆಯ ಸದಸ್ಯ, ಇವರೆಲ್ಲ ಸತತವಾಗಿ ಮೂರೇ ಅವಧಿ ಇರಬಹುದು. ಮೂರು ಮುಗಿದ ಮೇಲೆ ಕನಿಷ್ಠ ಒಂದು ಅವಧಿ ಆ ಕುರ್ಚಿ ಬಿಡಬೇಕು. ಇದು ತಕ್ಷಣ ಜಾರಿಗೆ ಬಂತು. ಇನ್ನೊಂದು, ರಾಜಕೀಯ ಮನೆತನಗಳನ್ನು ಸರಕಾರ ನಿಷೇಧಿಸಬೇಕು, ಆದರೆ ಮನೆತನ ಅಂದರೇನು ಎಂಬುದನ್ನು ಕಾನೂನು ಮಾಡಿ ಹೇಳಬೇಕು. ಆ ಕಾನೂನು ಮಾಡಬೇಕಾದವರು ಯಾರು? ಸಂಸತ್ತಿನಲ್ಲಿ ಕೂತವರು. ಅಲ್ಲಿ ಕೂತವರು ಯಾರು? ನೀವೇ ಊಹಿಸಿ. 2025ರ ಚುನಾವಣೆ ಬಂದಾಗಲೂ ಆ ಕಾನೂನು ಬಂದಿರಲಿಲ್ಲ.

ಈಗ ಕಂಬದಾಟ ನೆನಪು ಮಾಡಿಕೊಳ್ಳಿ. ದೇವಸ್ಥಾನದ ಪಡಸಾಲೆಯಲ್ಲಿ ಆಡುತ್ತಿದ್ದೆವಲ್ಲ, ಒಂದೊಂದು ಕಂಬಕ್ಕೆ ಒಬ್ಬೊಬ್ಬ, ನಡುವೆ ಒಬ್ಬ ಕಳ್ಳ. ಕಂಬ ಬಿಟ್ಟು ಕಂಬಕ್ಕೆ ಓಡುವಾಗ ಖಾಲಿಯಾದ ಕಂಬವನ್ನು ಕಳ್ಳ ಹಿಡಿಯಬೇಕು. ನಮ್ಮ ಬೀದಿಯಲ್ಲಿ ಅಣ್ಣತಮ್ಮ ಇಬ್ಬರಿದ್ದರು. ಕಣ್ಣಲ್ಲೇ ಮಾತಾಡಿಕೊಂಡು, ಒಂದೇ ಗಳಿಗೆಗೆ ಇವನು ಅವನ ಕಂಬಕ್ಕೆ, ಅವನು ಇವನ ಕಂಬಕ್ಕೆ. ನಡುವೆ ಇದ್ದವನಿಗೆ ಸಂಜೆಯವರೆಗೂ ಕಂಬ ಸಿಗುತ್ತಿರಲಿಲ್ಲ. ಆ ನಡುವೆ ಇದ್ದವನು ಹೆಚ್ಚಾಗಿ ನಾನೇ, ಆದ್ದರಿಂದ ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು.

ಮರಿಂಡುಕೆಯಲ್ಲಿ ಕಾರ್ಮೆನ್ಸಿಟಾ ರೆಯೆಸ್ ಎಂಬ ಹೆಣ್ಣುಮಗಳು 1987ರಿಂದ 1998ರವರೆಗೆ ಕೆಳಮನೆಯಲ್ಲಿದ್ದರು. ಮೂರು ಅವಧಿ ಮುಗಿಯಿತು. 1998ರಲ್ಲಿ ಗವರ್ನರ್ ಕುರ್ಚಿಗೆ ಬಂದರು. ಬಿಟ್ಟ ಕೆಳಮನೆಯ ಕುರ್ಚಿಗೆ ಮಗ ಎಡ್ಮಂಡ್ ಹೋದರು. 2007ಕ್ಕೆ ತಾಯಿಯದೂ ಮೂರು ಅವಧಿ, ಮಗನದೂ ಮೂರು ಅವಧಿ. ನಿಯಮ ಇಬ್ಬರನ್ನೂ ಎಬ್ಬಿಸಿತು. ತಾಯಿ ಮತ್ತೆ ಕೆಳಮನೆಗೆ ಹೋದರು. ಗವರ್ನರ್ ಕುರ್ಚಿ ಆ ಒಂದು ಸಲ ಬೇರೆಯವರ ಪಾಲಾಯಿತು. 2010ರಲ್ಲಿ ತಾಯಿ ಮರಳಿ ಗವರ್ನರ್. 2019ರ ಜನವರಿಯಲ್ಲಿ ತೀರಿಕೊಂಡಾಗಲೂ ಅವರು ಅದೇ ಕುರ್ಚಿಯಲ್ಲಿದ್ದರು.

ಒಂದು ನಿಯಮವನ್ನಾದರೂ ಮುರಿದರೇ? ಇಲ್ಲ. ಇದನ್ನೇ ನಾನು ಹೋದಲ್ಲೆಲ್ಲ ಹೇಳುತ್ತೇನೆ, ಮನೆಯವರಿಗೆ ಕೇಳಿ ಕೇಳಿ ಬೇಸರ ಬಂದಿದೆ, ನೀವೂ ಕೇಳಿ. ನಿಯಮ ಮನುಷ್ಯನನ್ನು ಎಬ್ಬಿಸುತ್ತದೆ, ಮನೆತನವನ್ನು ಎಬ್ಬಿಸುವುದಿಲ್ಲ. ಮೊದಲು ಒಬ್ಬನಿಗೆ ಒಂದು ಕುರ್ಚಿ ಸಾಕಿತ್ತು. ಎಂದಾದರೊಂದು ದಿನ ಏಳಲೇಬೇಕು ಎಂದಾದಾಗ, ಕುರ್ಚಿಯನ್ನು ಬೆಚ್ಚಗಿಡಲು ಇನ್ನೊಬ್ಬರು ಬೇಕಾದರು. ಅಪರಿಚಿತನನ್ನು ಕೂರಿಸಿದರೆ ಅವನು ಏಳುತ್ತಾನೆಂಬ ಭರವಸೆ ಏನು? ಹೆಂಡತಿ ಏಳುತ್ತಾಳೆ, ಮಗ ಏಳುತ್ತಾನೆ. ಹೀಗೆ, ಮನೆಯಲ್ಲಿ ರಾಜಕೀಯವೇ ಬೇಡ ಎಂದು ಕೂತಿದ್ದವರನ್ನೂ ಈ ನಿಯಮ ಎಳೆದು ತಂದು ಕಣಕ್ಕಿಳಿಸಿತು. ಅಲ್ಲಿನ ಸಂಶೋಧಕರು ಇದಕ್ಕೆ ತೆಳು ಮನೆತನ, ದಪ್ಪ ಮನೆತನ ಎನ್ನುತ್ತಾರೆ. ಒಂದೇ ಕುರ್ಚಿಯನ್ನು ಒಬ್ಬರಾದ ಮೇಲೆ ಒಬ್ಬರು ಹಿಡಿದರೆ ತೆಳು. ಒಂದೇ ಹೊತ್ತಿಗೆ ನಾಲ್ಕು ಕುರ್ಚಿಯಲ್ಲಿ ನಾಲ್ವರು ಕೂತರೆ ದಪ್ಪ. ಅವಧಿಯ ಮಿತಿಯೊಂದನ್ನೇ ತಂದು ಎರಡನೇ ಕಾನೂನನ್ನು ಬಾಕಿ ಇಟ್ಟದ್ದರಿಂದ ತೆಳುವಿದ್ದದ್ದು ದಪ್ಪವಾಯಿತು.

ಇದರಲ್ಲಿ ನಗು ಬರುವ ಸಂಗತಿಯೊಂದಿದೆ. ಬರಂಗಾಯ್ ಮಟ್ಟದಲ್ಲಿ 18ರಿಂದ 24 ವಯಸ್ಸಿನ ಹುಡುಗರು ನಿಲ್ಲುವ ಯುವ ಮಂಡಳಿ ಇದೆ. 2016ರ ಕಾನೂನಿನ ಪ್ರಕಾರ ಅದಕ್ಕೆ ನಿಲ್ಲುವವನ ಅಪ್ಪ, ಅಜ್ಜ, ಅಣ್ಣ ಅಲ್ಲಿ ಅಧಿಕಾರದಲ್ಲಿರಬಾರದು. ಊರ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಸುಣ್ಣ ಬಳಿಸುವ ಹುಡುಗನಿಗೆ ಮನೆತನದ ನಿಷೇಧ ಉಂಟು, ಗವರ್ನರಿಗೆ ಇಲ್ಲ!

ಗಾಜಿನಾಚೆ ನಮ್ಮ ಕಾರ್ಯಕ್ರಮ ನಿರ್ವಾಹಕರು ಗಡಿಯಾರ ತೋರಿಸುತ್ತಿದ್ದಾರೆ. ಆದರೂ ಯಂತ್ರದ ಉಳಿದರ್ಧ ಹೇಳದಿದ್ದರೆ ತಪ್ಪಾಗುತ್ತದೆ.

ಗಸಾನ್ ಪಟ್ಟಣದ ಸಮುದ್ರ ದಂಡೆಯಲ್ಲಿ ನಾನು ಊಟಕ್ಕೆ ಹೋಗುತ್ತಿದ್ದ ಪುಟ್ಟ ಖಾನಾವಳಿಯೊಂದಿತ್ತು. ನಡೆಸುತ್ತಿದ್ದಾಕೆಯನ್ನು ಎಲ್ಲರೂ 'ಆತೆ' ಎಂದು ಕರೆಯುತ್ತಿದ್ದರು. ಆತೆ ಅಂದರೆ ಅಕ್ಕ, ನಮ್ಮ ಅತ್ತೆಯಲ್ಲ. ಇದ್ದಿಲ ಒಲೆಯ ಮೇಲೆ ಮೀನು ಸುಡುವಾಗ ಆಕೆ ಬೀಸುತ್ತಿದ್ದದ್ದು ಚುನಾವಣೆಯಲ್ಲಿ ಪುಕ್ಕಟೆ ಕೊಟ್ಟ ರಟ್ಟಿನ ಬೀಸಣಿಗೆ. ಅದರ ಮೇಲೆ ಅಭ್ಯರ್ಥಿಯ ಮುಖ, ಮನೆತನದ ಹೆಸರು ದಪ್ಪ ಅಕ್ಷರದಲ್ಲಿ, ಸ್ವಂತ ಹೆಸರು ಸಣ್ಣ ಅಕ್ಷರದಲ್ಲಿ. ಮುಖ ಅರ್ಧ ಸುಟ್ಟು ಹೋಗಿತ್ತು. ಹಳೆಯ ಚುನಾವಣೆಯದಲ್ಲವೇ ಎಂದೆ. "ಮುಂದಿನದಕ್ಕೂ ನಡೆಯುತ್ತದೆ, ದೊಡ್ಡ ಅಕ್ಷರ ಬದಲಾಗುವುದಿಲ್ಲ" ಎಂದಳು. ಜನಕ್ಕೆ ಗೊತ್ತಿಲ್ಲ ಎಂದು ತಿಳಿದವರು ಆಕೆಯ ಎದುರು ಹತ್ತು ನಿಮಿಷ ಕೂರಬೇಕಿತ್ತು.

ಹಾಗಾದರೆ ಅವರಿಗೇ ಏಕೆ ಮತ ಹಾಕುತ್ತೀ ಎಂದು ಕೇಳಿದೆ. ಆಕೆ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದಳು. ಅದರಲ್ಲಿ ಒಂದು ಕಾಗದ. ಗಂಡನ ಆಸ್ಪತ್ರೆಯ ಬಿಲ್ಲನ್ನು ಇಷ್ಟರ ಮಟ್ಟಿಗೆ ಭರಿಸಲಾಗುವುದು ಎಂದು ರಾಜಕಾರಣಿಯ ಕಚೇರಿ ಕೊಟ್ಟ ಪತ್ರ. ಅಲ್ಲಿ ಇದಕ್ಕೆ ಗ್ಯಾರಂಟಿ ಲೆಟರ್ ಎಂದೇ ಹೆಸರು. ದುಡ್ಡು ಸರಕಾರದ್ದು, ಆದರೆ ಪತ್ರ ಸಿಗಬೇಕಾದರೆ ಬಾಗಿಲಲ್ಲಿ ನಿಲ್ಲಬೇಕಿತ್ತು. ಗಂಡ ಬದುಕಿದ. ಆಮೇಲೆ ಹುಟ್ಟುವುದೇ 'ಊತಾಂಗ್ ನ ಲೊಓಬ್', ಅಂದರೆ ಒಳಗಿನ ಸಾಲ. ಕನ್ನಡದಲ್ಲಿ ನಮಗೆ ಇದಕ್ಕಿಂತ ಚಿಕ್ಕ ಮಾತಿದೆ: ಹಂಗು. ಅದರ ಮೇಲೆ ಮಗಳ ಮದುವೆಗೆ ಮೇಯರನ್ನು ನಿನೊಂಗ್ ಮಾಡಿಕೊಂಡಿರುತ್ತಾರೆ, ಧರ್ಮತಂದೆ ಅಂದ ಹಾಗೆ. ನೂರಾರು ಮದುವೆಗೆ ಒಬ್ಬನೇ ನಿನೊಂಗ್. ಸಣ್ಣ ದ್ವೀಪದ ಪ್ರಾಂತ್ಯದ ಖಜಾನೆಗೆ ಬರುವ ದುಡ್ಡಿನಲ್ಲಿ ಹೆಚ್ಚಿನ ಪಾಲು ಮನಿಲಾದಿಂದಲೇ ಬರಬೇಕು. ದೊಡ್ಡ ಕಾಯಿಲೆಗೆ ದೋಣಿ ಹತ್ತಿ ದ್ವೀಪ ಬಿಡಬೇಕು. ಆಗ ಮನಿಲಾದ ಬಾಗಿಲು ಗೊತ್ತಿರುವ ಮನೆ ಯಾವುದು ಎಂದು ನೋಡುವ ಹೆಂಗಸು ದಡ್ಡಿಯೇ? ಲಕೋಟೆಯ ಐನೂರು ಪೆಸೊಗೆ ಆಕೆ ಸೋತಿಲ್ಲ. ಸರಕಾರಿ ಆಸ್ಪತ್ರೆಯ ಬಿಲ್ಲು ಹಕ್ಕಿನಿಂದ ಮನ್ನಾ ಆಗುವ ತನಕ ಆ ಡಬ್ಬಿಯ ಕಾಗದಕ್ಕೆ ಬೆಲೆ ಇದ್ದೇ ಇರುತ್ತದೆ.

ಇನ್ನು, ಹಾಗಾದರೆ ಚುನಾವಣೆ ಯಾತಕ್ಕೆ ಎಂಬ ಪ್ರಶ್ನೆ. ಮರಿಂಡುಕೆಯಲ್ಲಿ ರೆಯೆಸ್ ಮನೆತನಕ್ಕೆ ಎದುರಾಗಿ ಬೆಳೆದದ್ದೂ ಮನೆತನವೇ, ವೆಲಾಸ್ಕೊ. ಆ ಮನೆಯ ಮಗ ಲಾರ್ಡ್ ಅಲನ್ 2010ರಲ್ಲಿ ಕೆಳಮನೆಗೆ ಗೆದ್ದರು. 2013ರಲ್ಲಿ ಎಣಿಕೆಯಲ್ಲಿ ಕಾರ್ಮೆನ್ಸಿಟಾರ ಮಗಳು ರೆಜಿನಾ ರೆಯೆಸ್ ಸುಮಾರು 3,800 ಮತ ಮುಂದೆ ಬಂದರು. ಆದರೆ ಅಮೆರಿಕದ ಪೌರತ್ವದ ತಕರಾರಿನಲ್ಲಿ ಚುನಾವಣಾ ಆಯೋಗ ಅವರ ಉಮೇದುವಾರಿಕೆಯನ್ನೇ ರದ್ದು ಮಾಡಿತ್ತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಲಾರ್ಡ್ ಅಲನ್‌ರ ತಂದೆ ಪ್ರೆಸ್ಬಿಟೆರೊ ವೆಲಾಸ್ಕೊ ಆಗ ಅದೇ ಕೋರ್ಟಿನ ನ್ಯಾಯಮೂರ್ತಿ. ಈ ಮೊಕದ್ದಮೆಯಲ್ಲಿ ಅವರು ಭಾಗವಹಿಸಲಿಲ್ಲ. ಮಗನಿಗೆ ಕುರ್ಚಿ ಸಿಕ್ಕಿದ್ದು 2016ರ ಫೆಬ್ರವರಿಯಲ್ಲಿ, ಅಂದರೆ ಆ ಅವಧಿ ಮುಗಿಯಲು ಕೆಲವೇ ತಿಂಗಳು ಬಾಕಿ ಇದ್ದಾಗ! ಆಮೇಲೆ ಅವರು ಸತತ ಮೂರು ಅವಧಿ ಗೆದ್ದರು, ನಡುವೆ 2020ರಿಂದ 2022ರವರೆಗೆ ಕೆಳಮನೆಯ ಸ್ಪೀಕರ್ ಕೂಡ ಆದರು. ನಿವೃತ್ತರಾದ ತಂದೆ 2019ರಲ್ಲಿ ಗವರ್ನರ್. ತಾಯಿ ಟೊರ್ರಿಹೋಸ್ ಪಟ್ಟಣದ ಮೇಯರ್ ಆಗಿದ್ದರು.

2025ಕ್ಕೆ ಮಗನ ಮೂರು ಅವಧಿ ಮುಗಿಯಿತು. ಏನಾಯಿತು ಹೇಳಿ? ಹೌದು, ಕಂಬದಾಟವೇ. ಮಗ ಗವರ್ನರ್ ಕುರ್ಚಿಗೆ, ತಂದೆ ಕೆಳಮನೆಯ ಕುರ್ಚಿಗೆ ನಿಂತರು. ಮೇ 12ರಂದು ಮತದಾನ. ಇಬ್ಬರೂ ಸೋತರು. ಗವರ್ನರ್ ಆಗಿ ಮೆಲ್ ಗೊ, ಕೆಳಮನೆಗೆ ರೆಯ್ನಾಲ್ಡೊ ಸಾಲ್ವಸಿಯೊನ್ ಗೆದ್ದರು. ಎರಡೂ ಕಂಬ ಒಂದೇ ಹೊತ್ತಿಗೆ ಖಾಲಿಯಾದ ಗಳಿಗೆಯಲ್ಲಿ ನಡುವೆ ಇದ್ದವರು ಹಿಡಿದರು. ಮತ ಮಾರಿಕೊಳ್ಳುವ ಜನ ಎಂದು ಬರೆದವರು ಈಗ ಇನ್ನೊಂದು ಪತ್ರ ಬರೆಯಲಿ, ಓದುತ್ತೇನೆ. ಹಾಗೆಂದು ಮನೆತನಗಳ ಕಾಲ ಮುಗಿಯಿತು ಎಂದೂ ಕುಣಿಯಬೇಡಿ. ಆ ಮತದಾನದ ದಿನ ಆಸ್ಪತ್ರೆಯ ಬಿಲ್ಲು ಹಾಗೇ ಇತ್ತು, ಬಾಕಿ ಕಾನೂನು ಬಾಕಿಯೇ ಇತ್ತು. ಗೆದ್ದವರ ಮಕ್ಕಳು ಮುಂದಿನ ಸಲ ಎಲ್ಲಿ ನಿಲ್ಲುತ್ತಾರೆ ಎಂದು ನೋಡಬೇಕು. ಅಲ್ಲಿಂದ ಸುದ್ದಿ ಬಂದಾಗ ಗೆದ್ದವರು ಯಾರು ಎಂಬುದರ ಜೊತೆಗೆ, ಪಕ್ಕದ ಕುರ್ಚಿಯಲ್ಲಿರುವವರ ಅಡ್ಡಹೆಸರೇನು ಎಂದು ಓದಿಕೊಳ್ಳಿ.

ಒಂದೇ ನಿಮಿಷ ಉಳಿದಿದೆಯಂತೆ. ಮಕ್ಕಳ ವಿಷಯ ಬೇಗ ಹೇಳಿಬಿಡುತ್ತೇನೆ. ಚುನಾವಣೆಯ ಕಾಲದಲ್ಲಿ ತಿಂಗಳುಗಟ್ಟಲೆ ಬಂದೂಕು ಒಯ್ಯುವುದಕ್ಕೆ ನಿಷೇಧವಿರುತ್ತದೆ, ರಸ್ತೆಯಲ್ಲಿ ತಪಾಸಣೆ ಇರುತ್ತದೆ. ಗುರುತಿನ ಚೀಟಿ ಜೇಬಿನಲ್ಲಿರಲಿ. ಮತದಾನದ ಹಿಂದಿನ ದಿನ ಮತ್ತು ಆ ದಿನ ಮದ್ಯ ಮಾರುವಂತಿಲ್ಲ, ಕುಡಿಯುವಂತಿಲ್ಲ. ನಮ್ಮ ಹುಡುಗರು ಯಾಕೆ ಕುಡಿಯುತ್ತಾರೆ ಎಂದು ನನ್ನನ್ನು ಕೇಳಬೇಡಿ. ಮುಖ್ಯವಾದದ್ದು, ವಿದೇಶಿಯರು ಯಾವ ಅಭ್ಯರ್ಥಿಗೂ ನೆರವಾಗುವಂತಿಲ್ಲ, ಪ್ರಚಾರದಲ್ಲಿ ಸೇರುವಂತಿಲ್ಲ, ಅದು ಅಲ್ಲಿನ ಕಾನೂನು. ಬಣ್ಣಬಣ್ಣದ ಟೀ ಶರ್ಟು ಪುಕ್ಕಟೆ ಕೊಡುತ್ತಾರೆ, ಹಾಕಿಕೊಂಡು ಮೆರವಣಿಗೆಯಲ್ಲಿ ಸೆಲ್ಫಿ ತೆಗೆದುಕೊಳ್ಳುವುದು ಬೇಡ. ಬೀಸಣಿಗೆ ತೆಗೆದುಕೊಳ್ಳಬಹುದೇ ಎಂದರೆ, ಮೇ ತಿಂಗಳ ಸೆಕೆಯಲ್ಲಿ ನಾನೇ ಒಂದು ತೆಗೆದುಕೊಂಡಿದ್ದೆ. ಕೋಣೆಯೊಳಗೆ ಕೂತು ಬೀಸಿಕೊಳ್ಳಲಿ, ಬೀದಿಯಲ್ಲಿ ಬೇಡ.