ಗಡಿಯಿಲ್ಲದ ಗ್ರಂಥಭಂಡಾರ

(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ಗ್ರಂಥಾಲಯಗಳ ವಿಷಯವಾಗಿ ಕೆಲವು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಗ್ರಂಥಾಲಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗಾಜಿನ ಬಾಗಿಲಿನ ಕಪಾಟು, ಅದಕ್ಕೊಂದು ಬೀಗ, ಆ ಬೀಗದ ಕೈಯನ್ನು ಜೋಪಾನವಾಗಿ ಕಾಯುವ ಮೇಲ್ವಿಚಾರಕರು. ನಾನು ಇಂದು ಹೇಳಹೊರಟಿರುವುದು ಅಂತರ್ಜಾಲದಲ್ಲಿ ನೆಲೆಗೊಂಡಿರುವ ಡಿಜಿಟಲ್ ಗ್ರಂಥಾಲಯಗಳ ಸಂಗತಿ. ಹಾಗೂ ವಿದ್ವಾಂಸರು ಶೋಧಿಸಿದ ಜ್ಞಾನವು ಎಲ್ಲರಿಗೂ ಹಣವಿಲ್ಲದೆ, ತಡೆಯಿಲ್ಲದೆ ದೊರೆಯಬೇಕೆಂದು ಸಾರುವ ಮುಕ್ತ ಪ್ರವೇಶದ ತತ್ತ್ವ. ಇದು ಪಂಡಿತರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ತಾವು ಭಾವಿಸಬಾರದು. ಗಡಿನಾಡಿನ ಕನ್ನಡಿಗರಿಗೆ ಇದರ ಅಗತ್ಯ ಒಳನಾಡಿನವರಿಗಿಂತ ಹೆಚ್ಚು ಎಂಬುದೇ ನನ್ನ ಭಾಷಣದ ಸಾರ.

1956ನೆಯ ಇಸವಿ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಗಡಿಯ ಗೆರೆ ನದಿಯನ್ನು ತಡೆಯಲಿಲ್ಲ, ನೆಂಟಸ್ತಿಕೆಯನ್ನು ತಡೆಯಲಿಲ್ಲ, ಯಕ್ಷಗಾನದ ಮೇಳಗಳನ್ನೂ ತಡೆಯಲಿಲ್ಲ. ಆದರೆ ಪುಸ್ತಕಗಳ ಸಂಚಾರವನ್ನು ಅದು ಕುಂಠಿತಗೊಳಿಸಿತು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಕಾನೂನು 1965ರದು. ಅದರ ಪ್ರಕಾರ ಬೆಳೆದ ಗ್ರಂಥಾಲಯಗಳ ಸಾಲು ತಲಪಾಡಿಯಲ್ಲಿ ಮುಗಿಯುತ್ತದೆ. 1945ರಿಂದ ಪಿ. ಎನ್. ಪಣಿಕ್ಕರರು ಕಟ್ಟಿ ಬೆಳೆಸಿದ ಕೇರಳದ ಗ್ರಂಥಾಲಯ ಚಳವಳಿ ದೇಶಕ್ಕೇ ಮೇಲ್ಪಂಕ್ತಿಯಾದುದು. ಅದರ ನೆರಳಿನಲ್ಲಿ ನಾವೂ ಓದಿದ್ದೇವೆ, ಆ ಉಪಕಾರವನ್ನು ಮರೆಯಲಾಗದು. ಆದರೂ ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಹುಡುಗಿಯೊಬ್ಬಳು ತುಳುನಾಡಿನ ಶಾಸನಗಳನ್ನು ಕುರಿತೋ ಪಾರ್ತಿಸುಬ್ಬನ ಪ್ರಸಂಗಗಳನ್ನು ಕುರಿತೋ ಅಭ್ಯಾಸ ಮಾಡಬೇಕೆಂದರೆ ಬಸ್ಸು ಹತ್ತಿ ಮಂಗಳೂರಿಗೋ ಮೈಸೂರಿಗೋ ಹೋಗಬೇಕು. ಹೋದಲ್ಲಿಯೂ ಸದಸ್ಯತ್ವದ ಚೀಟಿಯನ್ನು ತೋರಿಸೆಂದು ಕೇಳಿದರೆ ಅವಳು ಏನನ್ನು ತೋರಿಸಬೇಕು?

ನಮ್ಮ ದೇಶದ ಗ್ರಂಥಾಲಯಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ಸೇರಿದರು. ಆಗ ಕಾಸರಗೋಡೂ ಅದೇ ಜಿಲ್ಲೆಯ ಒಂದು ತಾಲೂಕು. 1924ರಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕಗಳಿರುವುದು ಉಪಯೋಗಕ್ಕಾಗಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಬೆಳೆಯುತ್ತಿರುವ ಜೀವಿ. ಈ ಐದರಲ್ಲಿ ಎಲ್ಲಿಯೂ ಓದುಗನ ರಾಜ್ಯ ಯಾವುದೆಂಬ ಪ್ರಶ್ನೆಯಿಲ್ಲ, ಅವನ ಹಣದ ಚೀಲ ಎಷ್ಟು ದೊಡ್ಡದೆಂಬ ಪ್ರಶ್ನೆಯೂ ಇಲ್ಲ. ಡಿಜಿಟಲ್ ಗ್ರಂಥಾಲಯದ ಯೋಗ್ಯತೆಯನ್ನು ಅಳೆಯಬೇಕಾದರೂ ಈ ಐದೇ ಅಳತೆಗೋಲುಗಳು ಸಾಕು.

ಇನ್ನು ಮುಕ್ತ ಪ್ರವೇಶದ ವಿಚಾರ. ವಿದ್ವತ್ಪತ್ರಿಕೆಗಳ ಲೋಕದಲ್ಲಿ ಒಂದು ವಿಚಿತ್ರವಾದ ವ್ಯವಹಾರ ನಡೆದುಬಂದಿದೆ. ಸಂಶೋಧಕನಿಗೆ ಸಂಬಳ ಕೊಡುವುದು ಬಹುಮಟ್ಟಿಗೆ ಪ್ರಜೆಗಳ ತೆರಿಗೆಯ ಹಣ. ಅವನು ಲೇಖನವನ್ನು ಬರೆದು ಪತ್ರಿಕೆಗೆ ಉಚಿತವಾಗಿ ಕೊಡುತ್ತಾನೆ. ಅದರ ಗುಣದೋಷಗಳನ್ನು ಪರಿಶೀಲಿಸುವ ಇತರ ವಿದ್ವಾಂಸರೂ ಸಾಮಾನ್ಯವಾಗಿ ಪ್ರತಿಫಲ ಪಡೆಯುವುದಿಲ್ಲ. ಕಡೆಗೆ ಆ ಲೇಖನವನ್ನು ಓದುವುದಕ್ಕೆ ಅದೇ ಪ್ರಜೆಗಳ ಗ್ರಂಥಾಲಯ ಪ್ರಕಾಶಕನಿಗೆ ಭಾರಿ ಚಂದಾ ತೆರಬೇಕು. ಹಾಲು ಕರೆದು ಕೊಟ್ಟವನೇ ಮಜ್ಜಿಗೆಯನ್ನು ಕೊಂಡು ಕುಡಿಯುವಂತಹ ಸ್ಥಿತಿ ಇದು.

ಇದಕ್ಕೆ ಪ್ರತಿಯಾಗಿ 1991ರಲ್ಲಿ ಅಮೇರಿಕದ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಎಂಬವರು, ಅಚ್ಚಾಗುವುದಕ್ಕೆ ಮೊದಲೇ ಲೇಖನಗಳನ್ನು ಎಲ್ಲರೂ ಓದುವಂತೆ ಇರಿಸುವ ಭಂಡಾರವೊಂದನ್ನು ಆರಂಭಿಸಿದರು. ಆರ್ಕೈವ್ ಎಂಬ ಹೆಸರಿನಿಂದ ಅದು ಇಂದಿಗೂ ನಡೆಯುತ್ತಿದೆ. 2002ರ ಫೆಬ್ರವರಿಯಲ್ಲಿ ಹೊರಬಂದ ಬುಡಾಪೆಸ್ಟ್ ಘೋಷಣೆಯು ಈ ಪದ್ಧತಿಗೆ ತತ್ತ್ವದ ರೂಪ ಕೊಟ್ಟಿತು. ವಿದ್ವತ್ಸಾಹಿತ್ಯವನ್ನು ಯಾರು ಬೇಕಾದರೂ ಓದಬಹುದು, ಇಳಿಸಿಕೊಳ್ಳಬಹುದು, ಪ್ರತಿಮಾಡಿ ಹಂಚಬಹುದು. ಲೇಖಕನ ಹೆಸರನ್ನು ಹೇಳಬೇಕು, ಅವನ ಕೃತಿಯನ್ನು ವಿಕೃತಗೊಳಿಸಬಾರದು, ಇಷ್ಟೇ ನಿಬಂಧನೆ. ಇದಕ್ಕೆ ಎರಡು ದಾರಿಗಳನ್ನು ಅದು ಸೂಚಿಸಿತು: ಲೇಖಕನು ತನ್ನ ಪ್ರತಿಯನ್ನು ತೆರೆದ ಭಂಡಾರದಲ್ಲಿ ಇರಿಸುವುದು ಒಂದು, ಪತ್ರಿಕೆಯೇ ಮುಕ್ತವಾಗಿ ಪ್ರಕಟವಾಗುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಈಗ ಕೆಲವು ಪತ್ರಿಕೆಗಳು ಓದುಗನನ್ನು ಬಿಟ್ಟು ಲೇಖಕನಿಂದ ದೊಡ್ಡ ಶುಲ್ಕವನ್ನು ವಸೂಲು ಮಾಡುತ್ತಿವೆ ಎಂಬುದನ್ನೂ ಮುಚ್ಚಿಡಬಾರದು. ಬಡ ವಿಶ್ವವಿದ್ಯಾನಿಲಯಗಳ ಲೇಖಕರಿಗೆ ಮೊದಲನೆಯ ದಾರಿಯೇ ಕ್ಷೇಮ.

ಭಾರತ ಈ ಕಾರ್ಯದಲ್ಲಿ ಹಿಂದುಳಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ವಿದ್ವಾಂಸರ ಲೇಖನಗಳಿಗಾಗಿ 2002ರಲ್ಲಿಯೇ ಇಂತಹ ಭಂಡಾರವನ್ನು ತೆರೆಯಿತು. ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಒಪ್ಪಿಸಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2009ರಲ್ಲಿ ನಿಯಮ ಮಾಡಿತು. ಅವುಗಳನ್ನು ಸಂಗ್ರಹಿಸುತ್ತಿರುವ ‘ಶೋಧಗಂಗಾ’ ಎಂಬ ಭಂಡಾರವನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುತ್ತಿದೆ. ಅಲ್ಲಿ ಕರ್ನಾಟಕದ ಪ್ರಬಂಧಗಳೂ ಇವೆ, ಕೇರಳದವೂ ಇವೆ. ಎರಡಕ್ಕೂ ಬಾಗಿಲು ಒಂದೇ. ಹಿಂದೆ ವಿಶ್ವವಿದ್ಯಾನಿಲಯದ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದ್ದ ಪ್ರಬಂಧವನ್ನು ಇಂದು ಪೈವಳಿಕೆಯ ಮನೆಯ ಜಗಲಿಯಲ್ಲಿ ಕುಳಿತು ಕೈಫೋನಿನಲ್ಲಿ ಓದಬಹುದು. ನನ್ನ ಅರಿಕೆಯಿಷ್ಟೆ: ನಮ್ಮ ಅಧ್ಯಾಪಕ ಬಂಧುಗಳು ಮೇಲಿನ ತರಗತಿಗಳ ಮಕ್ಕಳಿಗೆ ಇದನ್ನು ಒಮ್ಮೆಯಾದರೂ ತೆರೆದು ತೋರಿಸಬೇಕು.

ಕೇಂದ್ರ ಸರಕಾರ 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಯನ್ನು ಮಂಜೂರು ಮಾಡಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳ ವೆಚ್ಚದಲ್ಲಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರಕಾರದ ಸುಮಾರು 6,300 ವಿದ್ಯಾಸಂಸ್ಥೆಗಳಿಗೆ ಒದಗಿಸುವ ಏರ್ಪಾಡು ಇದು. ದೊಡ್ಡ ಉಪಕಾರವೇ ಸರಿ. ಆದರೆ ಚಂದಾ ಬೇರೆ, ಮುಕ್ತ ಪ್ರವೇಶ ಬೇರೆ. ಚಂದಾದ ಫಲ ಆ ಸಂಸ್ಥೆಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮೀಸಲು. ಕಾಲೇಜು ಬಿಟ್ಟು ಹಳ್ಳಿಯಲ್ಲಿ ನೆಲೆಸಿದ ಜಿಜ್ಞಾಸುವಿಗೆ, ನಿವೃತ್ತ ಮೇಷ್ಟ್ರಿಗೆ, ಮನೆಯಲ್ಲಿಯೇ ಓದಿ ಬರೆಯುವ ಗೃಹಿಣಿಗೆ ಆ ಬಾಗಿಲು ತೆರೆಯದು. ಮಂಜೇಶ್ವರದ ತಮ್ಮ ಮನೆಯಲ್ಲಿಯೇ ಕುಳಿತು ಸಂಶೋಧನೆಯ ಪರ್ವತವನ್ನು ಕಡೆದ ಗೋವಿಂದ ಪೈಗಳು ಯಾವ ವಿಶ್ವವಿದ್ಯಾನಿಲಯದ ಸಿಬ್ಬಂದಿಯಲ್ಲಿದ್ದರು?

ಪೈಗಳ ಹೆಸರು ಬಂದುದರಿಂದ ಕಾನೂನಿನ ಒಂದು ಮಾತನ್ನು ಹೇಳುವುದು ಉಚಿತ. 1957ರ ಗ್ರಂಥಸ್ವಾಮ್ಯದ ಕಾಯಿದೆಯಂತೆ ಇಂದು ಒಂದು ಕೃತಿಯ ಹಕ್ಕು ಲೇಖಕನು ತೀರಿಕೊಂಡ ವರ್ಷ ಕಳೆದ ಮೇಲೆ 60 ವರ್ಷಗಳವರೆಗೆ ಉಳಿಯುತ್ತದೆ. ಅನಂತರ ಕೃತಿ ಸರ್ವಜನರ ಸೊತ್ತು. ರಾಷ್ಟ್ರಕವಿ ಗೋವಿಂದ ಪೈಗಳು ದಿವಂಗತರಾದುದು 1963ರ ಸೆಪ್ಟೆಂಬರ್ 6ರಂದು. ಆದಕಾರಣ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಲೋಕಕ್ಕೆ ಸೇರಿದವು. ಯಾರು ಬೇಕಾದರೂ ಅವುಗಳನ್ನು ಅಚ್ಚುಮಾಡಬಹುದು, ಅಂತರ್ಜಾಲದಲ್ಲಿ ಇರಿಸಬಹುದು. ಆದರೆ 2015ರಲ್ಲಿ ನಮ್ಮನ್ನಗಲಿದ ಕಯ್ಯಾರ ಕಿಞ್ಞಣ್ಣ ರೈಗಳ ಕೃತಿಗಳಿಗೆ ಇದೇ ಲೆಕ್ಕ ಹಾಕಿದರೆ 2075ರ ಕೊನೆಯವರೆಗೆ ಕಾಯಬೇಕು. ಅಷ್ಟರೊಳಗೆ ಮರುಮುದ್ರಣವಿಲ್ಲದ ಬರಹಗಳ ಎಷ್ಟು ಪ್ರತಿಗಳನ್ನು ಗೆದ್ದಲು ಉಳಿಸೀತು?

ಕಾಯದೆ ಇರುವ ದಾರಿಯೂ ಉಂಟು. ಕಯ್ಯೂರಿನ ರೈತವೀರರ ಕಥೆಯನ್ನು ‘ಚಿರಸ್ಮರಣೆ’ಯೆಂಬ ಕಾದಂಬರಿಯಾಗಿ ಬರೆದ ನಿರಂಜನರ ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು 2014ರಲ್ಲಿ ಅವರ ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ಹಕ್ಕುದಾರರು ಮನಸ್ಸು ಮಾಡಿದರೆ ಕಾನೂನೇ ದಾರಿ ಬಿಡುತ್ತದೆ ಎಂಬುದಕ್ಕೆ ಇದು ನಿದರ್ಶನ. ಆದರೆ ಬದುಕಿರುವ ಲೇಖಕರ ಪುಸ್ತಕವನ್ನು ಹೇಳದೆ ಕೇಳದೆ ಪ್ರತಿಮಾಡಿ ವಾಟ್ಸಾಪಿನಲ್ಲಿ ಹಂಚುವುದನ್ನು ಯಾರೂ ಮುಕ್ತ ಪ್ರವೇಶವೆಂದು ಕರೆಯಬಾರದು. ಅದು ಲೇಖಕನ ಅನ್ನಕ್ಕೂ ಪ್ರಕಾಶಕನ ಶ್ರಮಕ್ಕೂ ಮಾಡುವ ದ್ರೋಹ. ಒಪ್ಪಿಗೆಯೇ ಮುಕ್ತ ಪ್ರವೇಶದ ಅಡಿಗಲ್ಲು.

ಪುಟಗಳ ಚಿತ್ರ ತೆಗೆದು ರಾಶಿ ಹಾಕಿದ ಮಾತ್ರಕ್ಕೆ ಗ್ರಂಥಾಲಯವಾಗುವುದಿಲ್ಲ. ಈ ಶತಮಾನದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಅಮೇರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಸಹಯೋಗದಲ್ಲಿ ‘ಭಾರತದ ಡಿಜಿಟಲ್ ಗ್ರಂಥಾಲಯ’ವೆಂಬ ಮಹತ್ಕಾರ್ಯಕ್ಕೆ ಕೈಹಾಕಿತು. ಸಾವಿರಾರು ಕನ್ನಡ ಪುಸ್ತಕಗಳು ಅದರಲ್ಲಿ ಸೇರಿದವು. ಆದರೆ ಅನೇಕ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಮನಬಂದಂತೆ ಬರೆದುದರಿಂದ ಇದ್ದ ಪುಸ್ತಕವೂ ಹುಡುಕುವವನಿಗೆ ಸಿಕ್ಕದಾಯಿತು. ರಂಗನಾಥನ್ ಅವರ ನಾಲ್ಕನೆಯ ಸೂತ್ರ ಅಲ್ಲಿ ಸೋತಿತು. ಮುಂದೆ ಆ ಜಾಲತಾಣವೇ ಮುಚ್ಚಿಹೋಯಿತು. ಆ ಪುಸ್ತಕಗಳ ಪ್ರತಿಗಳನ್ನು 1996ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಎಂಬ ಅಮೇರಿಕದ ಭಂಡಾರದಲ್ಲಿ ಇರಿಸಿದ್ದರಿಂದ ನಷ್ಟವಾಗಬೇಕಾಗಿದ್ದುದು ಉಳಿಯಿತು. ಇದರಿಂದ ಕಲಿಯತಕ್ಕ ಪಾಠಗಳು ಎರಡು: ಪಟ್ಟಿ ಸರಿಯಾಗಿರಬೇಕು, ಪ್ರತಿಗಳು ಹಲವು ಕಡೆ ಇರಬೇಕು.

ಪಟ್ಟಿಗೆ ಜಗತ್ತಿನ ಗ್ರಂಥಪಾಲರು ಒಪ್ಪಿದ ಕ್ರಮವಿದೆ. ಡಬ್ಲಿನ್ ಕೋರ್ ಎಂಬ ಈ ಕ್ರಮದಲ್ಲಿ 15 ಅಂಶಗಳಿವೆ. ಶೀರ್ಷಿಕೆ, ಕರ್ತೃ, ವಿಷಯ, ಪ್ರಕಾಶಕ, ದಿನಾಂಕ, ಭಾಷೆ, ಹಕ್ಕು ಮೊದಲಾದ ಈ ವಿವರಗಳನ್ನು ಶುದ್ಧ ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಪುಸ್ತಕ ತಾನಾಗಿ ಓದುಗನನ್ನು ಹುಡುಕಿಕೊಂಡು ಹೋಗುತ್ತದೆ. ಪುಟದ ಚಿತ್ರವನ್ನು ಅಕ್ಷರವಾಗಿ ಪರಿವರ್ತಿಸುವ ತಂತ್ರವೂ ಈಗ ಕನ್ನಡಕ್ಕೆ ಒದಗಿದೆ. ಆದರೆ ಯಂತ್ರ ಒತ್ತಕ್ಷರಗಳಲ್ಲಿ ಎಡವುತ್ತದೆ. ಅದನ್ನು ತಿದ್ದಲು ಕನ್ನಡ ಬಲ್ಲ ಕಣ್ಣು ಬೇಕು. ಆ ಕಣ್ಣು ನಮ್ಮ ಊರುಗಳಲ್ಲಿ ಇನ್ನೂ ಇದೆ.

ಪರದೇಶದವರು ನಮಗಾಗಿ ಮಾಡಿದ ಕೆಲಸವನ್ನು ನೋಡಿದರೆ ನಮ್ಮ ಹೊಣೆ ಇನ್ನೂ ಸ್ಪಷ್ಟವಾಗುತ್ತದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಪಾದ್ರಿ ಹರ್ಮನ್ ಗುಂಡರ್ಟರ ಸಂಗ್ರಹವನ್ನು 2018ರಲ್ಲಿ ಲೋಕಕ್ಕೆ ತೆರೆದಿಟ್ಟಿತು. ಮಲಯಾಳದೊಂದಿಗೆ ಕನ್ನಡ ತುಳು ಪುಸ್ತಕಗಳೂ ಅಲ್ಲಿವೆ. ಅಷ್ಟು ದೂರದವರು ನಮ್ಮ ಹಳೆಯ ಪುಸ್ತಕಗಳನ್ನು ಕಾಪಾಡಿಕೊಟ್ಟಿರುವಾಗ, ನಮ್ಮ ಮನೆಗಳ ಅಟ್ಟದ ಮೇಲಿರುವುದನ್ನು ಕಾಪಾಡುವವರು ಯಾರು? ಹಳೆಯ ಪ್ರಸಂಗ ಪುಸ್ತಕಗಳು, ಶಾಲೆಗಳ ಸ್ಮರಣಸಂಚಿಕೆಗಳು, ನಿಂತುಹೋದ ವಾರಪತ್ರಿಕೆಗಳು, ಗಡಿಯ ಹೋರಾಟದ ಕರಪತ್ರಗಳು, ಈ ಸಂಘದ ಹಿಂದಿನ ಸಂಚಿಕೆಗಳು, ಇವೇ ನಮ್ಮ ಇತಿಹಾಸದ ಆಧಾರಗಳು. ಇವು ಕರ್ನಾಟಕದ ಗ್ರಂಥಾಲಯಗಳಲ್ಲಿ ದೊರೆಯುವುದು ಅಪರೂಪ. ಮಲಯಾಳದ ಗ್ರಂಥಾಲಯಗಳಲ್ಲಿ ಇನ್ನೂ ಅಪರೂಪ. ನಾಳೆ ಯಾರಾದರೂ ಇಲ್ಲಿ ಕನ್ನಡ ಹೇಗೆ ಬಾಳಿತೆಂದು ಕೇಳಿದರೆ ಉತ್ತರ ಕೊಡಬೇಕಾದವು ಇವೇ. ಪ್ರತಿ ಮಳೆಗಾಲವೂ ಇವುಗಳಲ್ಲಿ ಒಂದಷ್ಟನ್ನು ಕೊಂಡೊಯ್ಯುತ್ತದೆ.

ಆದುದರಿಂದ ಸಂಘದ ಮುಂದೆ ನಾಲ್ಕು ಸೂಚನೆಗಳನ್ನು ಇರಿಸಲು ಅನುಮತಿ ಬೇಡುತ್ತೇನೆ. ಮೊದಲನೆಯದಾಗಿ, ಸಂಘದ ಎಲ್ಲ ಸಂಚಿಕೆಗಳನ್ನೂ ಮನೆಮನೆಗಳಿಂದ ಕೂಡಿಸಿ ಒಂದು ಪಟ್ಟಿಯನ್ನು ಸಿದ್ಧಪಡಿಸಬೇಕು. ಎರಡನೆಯದಾಗಿ, ಹಿಂದಿನ ಲೇಖಕರಿಂದ ಅಥವಾ ಅವರ ವಾರಸುದಾರರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಮುಂದಿನ ಸಂಚಿಕೆಯಿಂದ ಲೇಖನವನ್ನು ಸ್ವೀಕರಿಸುವಾಗಲೇ ಒಂದು ಒಪ್ಪಿಗೆಯ ಚೀಟಿಗೆ ರುಜು ಹಾಕಿಸಿಕೊಳ್ಳಬೇಕು. ಮೂರನೆಯದಾಗಿ, ಒಪ್ಪಿಗೆ ದೊರೆತವುಗಳನ್ನು ಕನಿಷ್ಠ ಎರಡು ಮುಕ್ತ ಭಂಡಾರಗಳಲ್ಲಿ ಇರಿಸಿ, ಮೂರನೆಯ ಪ್ರತಿಯನ್ನು ಸಂಘದಲ್ಲಿಯೇ ಕಾದಿಡಬೇಕು. ನಾಲ್ಕನೆಯದಾಗಿ, ಚಿತ್ರ ತೆಗೆಯುವ, ಅಕ್ಷರ ತಿದ್ದುವ ಕೆಲಸಕ್ಕೆ ನಮ್ಮ ತರುಣ ತರುಣಿಯರನ್ನು ಹಿರಿಯರ ಜೊತೆಗೂಡಿಸಬೇಕು. ಹುಡುಗರಿಗೆ ಯಂತ್ರ ಗೊತ್ತು, ಹಿರಿಯರಿಗೆ ಹಳಗನ್ನಡದ ಕಾಗುಣಿತ ಗೊತ್ತು. ಒಂದೇ ಮೇಜಿನ ಮುಂದೆ ಇಬ್ಬರೂ ಕುಳಿತರೆ ಅದೇ ಒಂದು ಕನ್ನಡ ಶಾಲೆಯಾದೀತು.

ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಯಾವ ಸರಕಾರದ ಅಪ್ಪಣೆಗಾಗಿಯೂ ಕಾಯಬೇಕಿಲ್ಲ. ಬೇಕಾದುದು ಶ್ರದ್ಧೆ, ಶಿಸ್ತು, ಮತ್ತು ತನ್ನಲ್ಲಿರುವುದನ್ನು ಹತ್ತು ಜನರಿಗೆ ಹಂಚುವ ಔದಾರ್ಯ. ಗಡಿನಾಡಿನ ಕನ್ನಡಿಗರು ಇದುವರೆಗೆ ಬಹಳಷ್ಟನ್ನು ಕೇಳಿ ಪಡೆಯಬೇಕಾಯಿತು. ನಮ್ಮಲ್ಲಿರುವುದನ್ನು ಸಮಸ್ತ ಕನ್ನಡ ಲೋಕಕ್ಕೆ ಕೊಡುವ ಅವಕಾಶ ಈಗ ಒದಗಿದೆ. ಸಂಘವು ಇದನ್ನು ಈ ವರ್ಷದ ವ್ರತವಾಗಿ ಕೈಗೊಳ್ಳಲೆಂದು ಹಾರೈಸುತ್ತೇನೆ.